ಕೊಳವೆಗೆ ಮರದ ಹಿಡಿ ಕಟ್ಟಿದರೆ ಕೋವಿಯಾಗುವುದೇ? ಕೈಯಿಂದ ರೈಫಲ್ ತಯಾರಿಸುವ ಬಗೆಗಿನ ಆರು ನಂಬಿಕೆಗಳು

ಹಳೆಯ ಕಾಲದ ಕೋವಿ ಎಂದಾಕ್ಷಣ ನಮಗೆ ನೆನಪಾಗುವುದು ಒಂದು ಉದ್ದನೆಯ ಕಬ್ಬಿಣದ ಕೊಳವೆ, ಅದಕ್ಕೊಂದು ಮರದ ಹಿಡಿ ಮತ್ತು ಢಂ ಎನ್ನುವ ಸದ್ದು. ಕರೆಂಟ್ ಇಲ್ಲದ ಕಾಲದಲ್ಲೇ ಇದನ್ನು ಮಾಡುತ್ತಿದ್ದರು ಎಂದಮೇಲೆ, ಡ್ರಿಲ್ಲಿಂಗ್ ಮಷಿನ್, ವೆಲ್ಡಿಂಗ್ ಸೆಟ್ ಎಲ್ಲ ಇರುವ ಇಂದು ಇದೇನು ದೊಡ್ಡ ಕೆಲಸ ಎಂದು ಅನೇಕರಿಗೆ ಅನಿಸುತ್ತದೆ. ಈ ಅನಿಸಿಕೆಯೇ ಕೆಲವೊಮ್ಮೆ ಕೈ, ಕಣ್ಣು, ಜೀವಕ್ಕೆ ಕುತ್ತು ತರುತ್ತದೆ.

ಬಾಯಿಯಿಂದ ಮದ್ದು ಮತ್ತು ಗುಂಡು ತುಂಬುವ ರೈಫಲ್ ಅನ್ನು ಹಳೆಯ ಪದ್ಧತಿಯಲ್ಲೇ ತಯಾರಿಸುವ ಹವ್ಯಾಸ ಅಮೆರಿಕದಲ್ಲಿ ಬೇರೂರಿದೆ. ಇಂಥ ಕೋವಿಗಳ ಆಸಕ್ತರ ರಾಷ್ಟ್ರೀಯ ಸಂಘವೊಂದು ಅಲ್ಲಿ 1933ರಿಂದಲೂ ಇದೆ. ವರ್ಜೀನಿಯಾ ರಾಜ್ಯದ ವಿಲಿಯಮ್ಸ್‌ಬರ್ಗ್‌ನಲ್ಲಿ 18ನೇ ಶತಮಾನದ ಪಟ್ಟಣವನ್ನು ಕಾಪಾಡಿಕೊಂಡಿರುವ ಬಯಲು ವಸ್ತುಸಂಗ್ರಹಾಲಯವಿದೆ. ಅಲ್ಲಿ ವ್ಯಾಲೇಸ್ ಗಸ್ಲರ್ ಎಂಬ ಕುಶಲಕರ್ಮಿ 1960ರ ದಶಕದಲ್ಲಿ ಆ ಕಾಲದ ಉಪಕರಣಗಳನ್ನೇ ಬಳಸಿ ಇಡೀ ರೈಫಲ್ ತಯಾರಿಸಿ ತೋರಿಸಿದರು. 1969ರಲ್ಲಿ ಬಂದ ಸಾಕ್ಷ್ಯಚಿತ್ರವೊಂದು ಆ ಕೆಲಸವನ್ನು ಹಂತಹಂತವಾಗಿ ದಾಖಲಿಸಿದೆ. ಈ ಕಸುಬನ್ನೇ ಮುಂದಿಟ್ಟುಕೊಂಡು ನಾವು ಆರು ಜನಪ್ರಿಯ ನಂಬಿಕೆಗಳನ್ನು ಪರಿಶೀಲಿಸೋಣ.

ನಂಬಿಕೆ 1: ಹಿಂದೆ ಒಬ್ಬನೇ ಕಮ್ಮಾರ ಇಡೀ ಕೋವಿಯನ್ನು ಮಾಡುತ್ತಿದ್ದ

ವಾಸ್ತವ: ಹೆಚ್ಚಿನ ಸಂದರ್ಭಗಳಲ್ಲಿ ಹಾಗಿರಲಿಲ್ಲ. ಕೋವಿಗೆ ಮೂರು ಮುಖ್ಯ ಭಾಗಗಳಿವೆ. ಗುಂಡು ಹಾಯುವ ನಳಿಗೆ, ಕಿಡಿ ಹೊತ್ತಿಸುವ ಲಾಕ್, ಇವೆರಡನ್ನೂ ಹಿಡಿದಿಡುವ ಮರದ ಭಾಗ. ಇಂಗ್ಲಿಷಿನಲ್ಲಿ ‘ಪೂರ್ತಿಯಾಗಿ, ಎಲ್ಲವೂ ಸೇರಿ’ ಎಂಬ ಅರ್ಥದಲ್ಲಿ ‘ಲಾಕ್, ಸ್ಟಾಕ್ ಅಂಡ್ ಬ್ಯಾರಲ್’ ಎನ್ನುವುದು ಈ ಮೂರು ಭಾಗಗಳಿಂದಲೇ. ನಳಿಗೆಗೆ ಕಮ್ಮಾರಿಕೆ ಬೇಕು, ಲಾಕ್‌ಗೆ ಗಡಿಯಾರ ರಿಪೇರಿಯವರಂಥ ಸೂಕ್ಷ್ಮ ಕೈ ಬೇಕು, ಮರಕ್ಕೆ ಬಡಗಿ ಬೇಕು, ಹಿತ್ತಾಳೆಯ ಪಟ್ಟಿಗಳಿಗೆ ಎರಕ ಹೊಯ್ಯುವವರು ಬೇಕು.

ಅಮೆರಿಕದ ‘ಉದ್ದ ರೈಫಲ್’ ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ, 18ನೇ ಶತಮಾನದ ಮೊದಲರ್ಧದಲ್ಲಿ ಜರ್ಮನ್ ಭಾಷಿಕ ವಲಸಿಗರ ಕೈಯಲ್ಲಿ. ಅಲ್ಲಿನ ಕಸುಬುದಾರರಲ್ಲೂ ಅನೇಕರು ಯುರೋಪಿನಿಂದ ಬಂದ ಸಿದ್ಧ ಲಾಕ್‌ಗಳನ್ನು ಕೊಂಡು ಜೋಡಿಸುತ್ತಿದ್ದರು. ಹೀಗಾಗಿ ಇಂದು ಮೊದಲ ಬಾರಿ ಕೈಹಾಕುವ ಹವ್ಯಾಸಿ ನಳಿಗೆ ಮತ್ತು ಲಾಕ್‌ಗಳನ್ನು ಕೊಂಡು ತಂದರೆ ಅದು ಮೋಸವಲ್ಲ, ಹಳೆಯ ಪದ್ಧತಿಯೇ.

ನಂಬಿಕೆ 2: ನಳಿಗೆ ಎಂದರೆ ಬರಿಯ ಕೊಳವೆ

ವಾಸ್ತವ: ಇದು ಎಲ್ಲಕ್ಕಿಂತ ಅಪಾಯಕಾರಿ ತಪ್ಪು ತಿಳಿವಳಿಕೆ. ಹಳೆಯ ಪದ್ಧತಿಯಲ್ಲಿ ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಸರಳಿನ ಸುತ್ತ ಬಾಗಿಸಿ, ಎರಡೂ ಅಂಚುಗಳು ಒಂದಾಗುವಂತೆ ಸ್ವಲ್ಪ ಸ್ವಲ್ಪವೇ ಬಡಿಯುತ್ತಾ ಬೆಸೆಯುತ್ತಿದ್ದರು. ಶಾಖ ಕಡಿಮೆಯಾದರೆ ಬೆಸುಗೆ ಕೂರುವುದಿಲ್ಲ, ಹೆಚ್ಚಾದರೆ ಕಬ್ಬಿಣವೇ ಸುಟ್ಟುಹೋಗುತ್ತದೆ. ಹೊರಗಿನಿಂದ ನುಣುಪಾಗಿ ಕಾಣುವ ನಳಿಗೆಯೊಳಗೆ ಕೂಡದ ಬೆಸುಗೆ ಅಡಗಿರಬಹುದು.

ಮದ್ದು ಉರಿದಾಗ ಕ್ಷಣಾರ್ಧದಲ್ಲಿ ಹುಟ್ಟುವ ಅನಿಲವು ಗುಂಡನ್ನು ಮುಂದಕ್ಕೆ ತಳ್ಳುವಷ್ಟೇ ಅಲ್ಲ, ನಳಿಗೆಯ ಗೋಡೆಯನ್ನೂ ಎಲ್ಲ ದಿಕ್ಕಿಗೂ ಒತ್ತುತ್ತದೆ. ಆ ಒತ್ತಡ ವಾತಾವರಣದ ಒತ್ತಡಕ್ಕಿಂತ ನೂರಾರು ಪಟ್ಟು ಹೆಚ್ಚು. ಮನೆಯ ನೀರಿನ ಪೈಪು ತಡೆದುಕೊಳ್ಳಬೇಕಾದ ಒತ್ತಡ ಇದರ ಮುಂದೆ ಏನೂ ಅಲ್ಲ. ಪೈಪಿನಿಂದ ಮಾಡಿದ ನಾಡಕೋವಿಗಳು ಸಿಡಿದು ಹಿಡಿದವರ ಬೆರಳು, ಕಣ್ಣು ಹೋಗುವುದು ಇದೇ ಕಾರಣಕ್ಕೆ.

ಪರೀಕ್ಷಿಸದ ನಳಿಗೆಯನ್ನು ನಂಬಬಾರದು ಎಂಬುದು ಹಳೆಯ ಕಸುಬುದಾರರಿಗೂ ಗೊತ್ತಿತ್ತು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲೇ ರಾಜಸನ್ನದು ಸಿಕ್ಕಿತ್ತು, ನಳಿಗೆ ಪರೀಕ್ಷಿಸಿ ಮುದ್ರೆ ಒತ್ತುವುದು ಅದರ ಮುಖ್ಯ ಕೆಲಸಗಳಲ್ಲೊಂದಾಗಿತ್ತು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಕೇಂದ್ರ 1813ರಲ್ಲಿ ಸ್ಥಾಪನೆಯಾಯಿತು. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ, ಮನುಷ್ಯರು ದೂರ ನಿಂತು ಹಾರಿಸಿ, ನಳಿಗೆ ಉಳಿದರೆ ಮಾತ್ರ ಅದಕ್ಕೆ ಮುದ್ರೆ. ಇಂದಿನ ಹವ್ಯಾಸಿಗಳಲ್ಲಿ ಬಹುತೇಕರು ನಳಿಗೆಯನ್ನು ತಾವೇ ಬೆಸೆಯುವ ಸಾಹಸಕ್ಕೆ ಹೋಗದೆ, ಆಧುನಿಕ ಉಕ್ಕಿನಲ್ಲಿ ಕೊರೆದ ನಳಿಗೆ ಕೊಳ್ಳುವುದು ಇದಕ್ಕಾಗಿಯೇ.

ನಂಬಿಕೆ 3: ನಳಿಗೆಯೊಳಗಿನ ಸುರುಳಿ ಗೀರು ಗುಂಡಿನ ವೇಗ ಹೆಚ್ಚಿಸುತ್ತದೆ

ವಾಸ್ತವ: ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಸುರುಳಿ ಗೀರಿನ ಕೆಲಸ ಗುಂಡನ್ನು ತಿರುಗಿಸುವುದು. ನಯವಾದ ನಳಿಗೆಯಿಂದ ಹೊರಟ ದುಂಡನೆಯ ಗುಂಡು ಗೋಡೆಗೆ ಉಜ್ಜಿಕೊಂಡು ಯಾವುದೋ ಒಂದು ದಿಕ್ಕಿಗೆ ತಿರುಗುತ್ತಾ ಹೋಗುತ್ತದೆ. ಸ್ಪಿನ್ ಬೌಲರ್ ಎಸೆದ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ಸರಿಯುವಂತೆ ಅದೂ ದಾರಿ ತಪ್ಪುತ್ತದೆ. ಸಾಗುವ ದಿಕ್ಕನ್ನೇ ಅಕ್ಷವಾಗಿಸಿಕೊಂಡು ತಿರುಗಿದರೆ ಗುಂಡಿನ ಸಣ್ಣಪುಟ್ಟ ಓರೆಕೋರೆಗಳು ಎಲ್ಲ ಕಡೆಗೂ ಹಂಚಿಹೋಗಿ ದಾರಿ ನೇರವಾಗುತ್ತದೆ. ಇದನ್ನು ವೈಜ್ಞಾನಿಕವಾಗಿ ವಿವರಿಸಿದವರು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ಅವರ ಗ್ರಂಥ ಪ್ರಕಟವಾದದ್ದು 1742ರಲ್ಲಿ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಭಾರತಕ್ಕೆ ಬಂದ ಅವರು 1751ರಲ್ಲಿ ಕಡಲೂರಿನ ಕೋಟೆಯಲ್ಲಿ ತೀರಿಕೊಂಡರು.

ಉದ್ದ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 48 ಇಂಚಿಗೆ ಒಂದು ಸುತ್ತು ಬರುವಂತೆ ಗೀರು ಇರುತ್ತದೆ. ಗುಂಡು ಸೆಕೆಂಡಿಗೆ 1600 ಅಡಿ ವೇಗದಲ್ಲಿ ಹೊರಟರೆ ಅದು ಸೆಕೆಂಡಿಗೆ 400 ಸುತ್ತು ತಿರುಗುತ್ತದೆ! ಇದಕ್ಕಾಗಿ ಗುಂಡನ್ನು ನಳಿಗೆಗಿಂತ ತುಸು ಚಿಕ್ಕದಾಗಿ ಎರಕ ಹೊಯ್ದು, ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿಟ್ಟು ಗಜದಿಂದ ಒಳಗೆ ದೂಡುತ್ತಾರೆ. ಗೀರನ್ನು ಹಿಡಿದುಕೊಳ್ಳುವುದು ಆ ಬಟ್ಟೆ. ಈ ಬಿಗಿತದಿಂದಾಗಿ ತುಂಬುವುದು ನಿಧಾನ, ಗುರಿ ಮಾತ್ರ ನಿಖರ.

ನಂಬಿಕೆ 4: ಕಿಡಿ ಬರುವುದು ಚಕಮಕಿ ಕಲ್ಲಿನಿಂದ

ವಾಸ್ತವ: ಉರಿಯುವುದು ಕಲ್ಲಲ್ಲ, ಉಕ್ಕು. ಚಕಮಕಿ ಕಲ್ಲಿನ ಚೂಪಾದ ಅಂಚು ಉಕ್ಕಿನ ಫಲಕವನ್ನು ಕೆರೆದಾಗ ಅತಿ ಸಣ್ಣ ಚೂರುಗಳು ಕಿತ್ತುಬರುತ್ತವೆ. ಕೆರೆತದ ಶಾಖಕ್ಕೆ ಬಿಸಿಯಾದ ಆ ಚೂರುಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಉರಿಯುತ್ತವೆ. ಗ್ರೈಂಡಿಂಗ್ ಚಕ್ರಕ್ಕೆ ಕತ್ತಿ ಹಿಡಿದಾಗ ಹಾರುವ ಕಿಡಿಗಳೂ ಹೀಗೆಯೇ ಹುಟ್ಟುತ್ತವೆ.

ಆದ್ದರಿಂದ ಆ ಫಲಕದ ಹದವೇ ಮುಖ್ಯ. ಮೆದುವಾದರೆ ಕಲ್ಲು ಅದರಲ್ಲಿ ಬರಿಯ ಗೆರೆ ಎಳೆಯುತ್ತದೆ, ಕಿಡಿ ಏಳುವುದಿಲ್ಲ. ಹಿಂದಿನವರು ಮೆದು ಕಬ್ಬಿಣದ ಫಲಕವನ್ನು ಮೂಳೆ, ಚರ್ಮಗಳ ಇದ್ದಿಲಿನೊಂದಿಗೆ ಮುಚ್ಚಿದ ಡಬ್ಬಿಯಲ್ಲಿಟ್ಟು ಗಂಟೆಗಟ್ಟಲೆ ಕಾಯಿಸಿ ನೀರಿಗೆ ಅದ್ದುತ್ತಿದ್ದರು. ಇದ್ದಿಲಿನ ಇಂಗಾಲ ಕಬ್ಬಿಣದ ಮೇಲ್ಪದರಕ್ಕೆ ಇಳಿದು ಅದು ಗಟ್ಟಿ ಉಕ್ಕಾಗುತ್ತಿತ್ತು, ಒಳಭಾಗ ಮೆದುವಾಗಿಯೇ ಉಳಿದು ಬಿರುಕು ಬಿಡುತ್ತಿರಲಿಲ್ಲ.

ನಂಬಿಕೆ 5: ಹೊಸಬರಿಗೆ ಕಷ್ಟವಾಗುವುದು ಕಬ್ಬಿಣದ ಕೆಲಸ, ಮರದ್ದು ಸುಲಭ

ವಾಸ್ತವ: ನಳಿಗೆ, ಲಾಕ್ ಕೊಂಡು ತಂದವರಿಗೂ ನೂರಾರು ಗಂಟೆ ಹಿಡಿಯುವುದು ಮರ. ಉದ್ದ ರೈಫಲ್‌ಗೆ ಬಳಸುವುದು ಮುಖ್ಯವಾಗಿ ಮೇಪಲ್ ಮರ. ಎಂಟು ಮೂಲೆಯ, ನಾಲ್ಕು ಅಡಿಗೆ ಸಮೀಪದ ನಳಿಗೆ ಅದರೊಳಗೆ ಕೂದಲೆಳೆ ಸಂದಿಯೂ ಇಲ್ಲದಂತೆ ಕೂರಬೇಕು. ಲೋಹಕ್ಕೆ ಮಸಿ ಸವರುವುದು, ಮರಕ್ಕೆ ಒತ್ತಿ ತೆಗೆಯುವುದು, ಮಸಿ ಅಂಟಿದ ಜಾಗವನ್ನಷ್ಟೇ ಉಳಿಯಿಂದ ಕೆರೆಯುವುದು, ಮತ್ತೆ ಒತ್ತುವುದು. ಹೀಗೆ ನೂರಾರು ಸಲ. ಅವಸರದಲ್ಲಿ ಒಂದು ಸಲ ಹೆಚ್ಚು ಕೆರೆದರೆ ಸಂದಿ ಶಾಶ್ವತ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಮರ ಹಾಳಾದೀತೆಂಬ ಭಯದಿಂದ ಹೊಸಬರು ಸಾಕಷ್ಟು ಕೆತ್ತುವುದೇ ಇಲ್ಲ. ಆದ್ದರಿಂದ ಮೊದಲ ಕೋವಿ ತೊಲೆಯಂತೆ ದಪ್ಪಗೆ ಕಾಣುವುದು ಮಾಮೂಲು. ಅನುಭವಿಗಳು ಮೊದಲು ನಿಜ ಅಳತೆಯಲ್ಲೇ ಪೂರ್ತಿ ನಕ್ಷೆ ಬರೆದುಕೊಳ್ಳುವಂತೆ, ಸಾಧ್ಯವಾದರೆ ಹಳೆಯ ರೈಫಲ್ ಒಂದನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿ ಅಧ್ಯಯನ ಮಾಡುವಂತೆ ಹೇಳುತ್ತಾರೆ.

ನಂಬಿಕೆ 6: ಇದು ಹಳೆಯ ಮಾದರಿ, ಕಾನೂನಿನ ತಕರಾರು ಇಲ್ಲ

ವಾಸ್ತವ: ಅಮೆರಿಕಕ್ಕೂ ಭಾರತಕ್ಕೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಅಲ್ಲಿನ 1968ರ ಕೇಂದ್ರ ಕಾಯ್ದೆಯು ಹಳೆಯ ಮಾದರಿಯ, ಬಾಯಿಯಿಂದ ತುಂಬುವ ಕೋವಿಗಳನ್ನು ಬಹುಮಟ್ಟಿಗೆ ‘ಬಂದೂಕು’ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ (ರಾಜ್ಯಗಳ ನಿಯಮಗಳು ಬೇರೆ ಇರಬಹುದು). ಭಾರತದಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಜೈಲು ಶಿಕ್ಷೆಯಿದೆ.

ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂದು ನೀವು ಕೇಳಬಹುದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇರುವುದು ನಿಜ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ಮನೆಯಲ್ಲಿ ತಯಾರಿಸುವುದಕ್ಕೆ ಅಲ್ಲ.

ಅಟ್ಟದಲ್ಲಿ ಹಳೆಯ ಕೋವಿ ಸಿಕ್ಕರೆ?

ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಸಿಗುವುದುಂಟು. ಬಾಯಿಯಿಂದ ತುಂಬುವ ಕೋವಿಯಲ್ಲಿ ಮದ್ದು ಇದೆಯೋ ಇಲ್ಲವೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಒಣಗಿರುವ ಮದ್ದು ದಶಕಗಳ ನಂತರವೂ ಉರಿಯಬಲ್ಲದು. ಆದ್ದರಿಂದ ಕುದುರೆ ಎಳೆದು ನೋಡುವುದು, ನಳಿಗೆಯೊಳಗೆ ಇಣುಕುವುದು, ತುಕ್ಕು ಬಿಡಿಸಲು ಬೆಂಕಿಗೆ ಹಿಡಿಯುವುದು, ಮಕ್ಕಳ ಕೈಗೆ ಕೊಡುವುದು, ಇವು ಯಾವುದನ್ನೂ ಮಾಡಬೇಡಿ. ಅದನ್ನು ತುಂಬಿದ ಕೋವಿ ಎಂದೇ ತಿಳಿದು, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ.

ಯಂತ್ರಗಳಿಲ್ಲದೆ ಮಾಡುತ್ತಿದ್ದರು ಎಂಬ ಕಾರಣಕ್ಕೆ ಒಂದು ಕೆಲಸ ಸುಲಭವಾಗುವುದಿಲ್ಲ. ಯಂತ್ರ ಇಲ್ಲದ ಕಡೆ ವರ್ಷಗಳ ಕಲಿಕೆ, ಹಲವು ಕಸುಬುಗಳ ಸಹಕಾರ, ಕಟ್ಟುನಿಟ್ಟಿನ ಪರೀಕ್ಷೆ ಇದ್ದವು. ಅವನ್ನೆಲ್ಲ ಬಿಟ್ಟು ಕೊಳವೆ ಮತ್ತು ಮದ್ದನ್ನು ಮಾತ್ರ ಉಳಿಸಿಕೊಂಡರೆ ಅದು ಸಾಂಪ್ರದಾಯಿಕ ಕೋವಿಯಲ್ಲ, ಕೈಯಲ್ಲಿ ಹಿಡಿದ ಸಿಡಿಗುಂಡು.