ಎರೆಹೊಲದಲ್ಲಿ ಬಂದೂಕಿನ ಸದ್ದು

ಜೋಡು ಕಳಸದ ಗುಡಿಯಿಂದಲೂ ನಾಗಕುಂಡದ ಶಿಲ್ಪದಿಂದಲೂ ನಾಡಿಗೆ ಪರಿಚಿತವಾದ ಸೂಡಿಯ ಸುತ್ತಲಿನ ಎರೆಭೂಮಿಯಲ್ಲಿ, ಮುಂಗಾರಿನ ಹೆಸರು ಎಲೆಯೊಡೆಯುವ ಕಾಲದಲ್ಲಿಯೂ ಹಿಂಗಾರಿನ ಕಡಲೆ ಕುಡಿಯೊಡೆಯುವ ಕಾಲದಲ್ಲಿಯೂ ರೈತನಿಗೆ ಮನೆಯ ನಿದ್ರೆ ದಕ್ಕುವುದಿಲ್ಲ. ನಸುಕಿನಲ್ಲಿ ಚಿಗರಿಯ ಹಿಂಡು ಹೊಕ್ಕರೆ ಎಳೆಯ ಕುಡಿ ಉಳಿಯದು. ಗುಡ್ಡದ ಕಡೆಯಿಂದ ಕಾಡುಹಂದಿ ಇಳಿದರೆ ಶೇಂಗಾದ ಸಾಲು ಬುಡಸಮೇತ ಕಿತ್ತುಹೋಗುತ್ತದೆ. ಇಂಥ ರಾತ್ರಿಗಳನ್ನು ಕಳೆದವನು, ತನ್ನ ಹೊಲದಲ್ಲಿ ತನ್ನ ಬೆಳೆಯ ರಕ್ಷಣೆಗೆ ಬಂದೂಕನ್ನು ಹಾರಿಸಲು ಅನ್ಯರ ಅಪ್ಪಣೆ ಏಕೆ ಬೇಕೆಂದು ಕೇಳಿದರೆ, ಆ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಅದರಲ್ಲಿಯೂ ಈ ಸೀಮೆಯಲ್ಲಿ ಆ ಪ್ರಶ್ನೆಗೆ ರಕ್ತದ ಇತಿಹಾಸವಿದೆ. 1857ರಲ್ಲಿ ಕಂಪನಿ ಸರಕಾರವು ನಿಶ್ಶಸ್ತ್ರೀಕರಣದ ಶಾಸನವನ್ನು ಹೊರಡಿಸಿ, ಆಯುಧವುಳ್ಳವರೆಲ್ಲರೂ ಅವನ್ನು ದಾಖಲೆ ಮಾಡಿಸಬೇಕೆಂದು ವಿಧಿಸಿದಾಗ, ಮುಧೋಳದ ಸಮೀಪದ ಹಲಗಲಿಯ ಬೇಡರು ತಮ್ಮ ಬದುಕಿನ ಆಧಾರವೂ ಮಾನದ ಚಿಹ್ನೆಯೂ ಆಗಿದ್ದ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಕುರ್ತಕೋಟಿಯ ಕಲ್ಮೇಶನ ಅಂಕಿತವುಳ್ಳ ಲಾವಣಿಯಲ್ಲಿ ಆ ಕಥೆ ಉಳಿದುಬಂದಿದೆ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು, ಈ ಪ್ರಾಂತದ ಶಿಲಾಶಾಸನಗಳ ಅಧ್ಯಯನಕ್ಕಾಗಿ ದುಡಿದ ಜೆ. ಎಫ್. ಫ್ಲೀಟನೇ. ಹಲಗಲಿಯ ಘಟನೆಯ ಮರುವರ್ಷ ಮುಂಡರಗಿಯ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು. ದತ್ತಕದ ಹಕ್ಕನ್ನು ಕಳೆದುಕೊಂಡು ಕುದಿಯುತ್ತಿದ್ದ ನರಗುಂದದ ಬಾಬಾಸಾಹೇಬನು 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಆಯುಧವನ್ನು ಕಸಿಯುವ ಸರಕಾರವೆಂದರೆ ಪ್ರಜೆಯನ್ನು ನಂಬದ ಸರಕಾರವೆಂಬ ಭಾವನೆ ಈ ಮಣ್ಣಿನಲ್ಲಿ ಬೇರೂರಿದ್ದರೆ ಆಶ್ಚರ್ಯವೇನು?

ಆದರೆ ಪರಕೀಯರ ಆ ಶಾಸನಕ್ಕೂ ಇಂದಿನ ಕಾನೂನಿಗೂ ಭೇದವಿದೆ. 1959ರ ಆಯುಧ ಕಾಯಿದೆಯು ರೈತನನ್ನು ಮರೆತಿಲ್ಲ. ಪ್ರಾಮಾಣಿಕವಾಗಿ ಬೆಳೆ ಕಾಯುವ ಉದ್ದೇಶವಿದ್ದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡಬೇಕೆಂದೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಬಂದೂಕಿಗೂ ಕೊಡಬಹುದೆಂದೂ ಅದರ 13ನೆಯ ಕಲಮು ಹೇಳುತ್ತದೆ. ಮದ್ದು ಸುರಿದು, ಬಟ್ಟೆಯ ಚೂರನ್ನು ಗಜದಿಂದ ಗಿಡಿದು, ಚರೆ ಹಾಕಿ, ಮತ್ತೆ ಗಿಡಿದು, ಕೇಪು ಸಿಕ್ಕಿಸಿದ ಮೇಲೆ ಹಾರುವುದು ಒಂದೇ ಸುತ್ತು. ಬೆದರಿಸುವುದಕ್ಕೆ ಅಷ್ಟು ಸಾಕು, ಕಾಳಗಕ್ಕೆ ಸಾಲದು. ಕಾನೂನು ಆ ಬಂದೂಕನ್ನು ಮೊದಲು ಹೆಸರಿಸಿದುದರಲ್ಲಿ ವಿವೇಕವಿದೆಯೆಂದು ನಾನು ಭಾವಿಸುತ್ತೇನೆ.

ಆದರೆ ಪರವಾನಗಿಯೆಂಬುದು ಪ್ರಾಣಿಯನ್ನು ಕೊಲ್ಲುವ ಅಪ್ಪಣೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ ಅರಣ್ಯಕ್ಕೂ ಸ್ವಂತ ಹೊಲಕ್ಕೂ ವ್ಯತ್ಯಾಸವಿಲ್ಲ. ಬೇಟೆಯ ಪ್ರಯತ್ನವೂ ಬೇಟೆಯೇ. ಹಂದಿಯಿಂದ ಬೆಳೆಗೆ ಅಪಾಯವೊದಗಿದರೆ ಅಧಿಕಾರಿಯ ಲಿಖಿತ ಆದೇಶದ ಮೇರೆಗೆ ಅದನ್ನು ಕೊಲ್ಲಲು 11ನೆಯ ಕಲಮಿನಲ್ಲಿ ಅವಕಾಶವುಂಟು. ಚಿಗರಿಯಾದರೋ ಮೊದಲನೆಯ ಅನುಸೂಚಿಗೆ ಸೇರಿದ ಪ್ರಾಣಿ. ಬೆಳೆಹಾನಿಯ ಕಾರಣಕ್ಕಾಗಿ ಅದನ್ನು ಕೊಲ್ಲಲು ಯಾವ ಅಧಿಕಾರಿಯೂ ಅನುಮತಿ ಕೊಡಲಾರನು. ಕೊಂದವನಿಗೆ 3ರಿಂದ 7 ವರ್ಷಗಳ ಸೆರೆ.

ಪ್ರಾಣಿಗಳ ಮಾತು ಹಾಗಿರಲಿ, ಮನುಷ್ಯರ ಮಾತು ಅದಕ್ಕಿಂತ ಗುರುತರವಾದುದು. ಬಯಲುಸೀಮೆಯಲ್ಲಿ ಗುಂಡನ್ನು ತಡೆಯಲು ಮರವಿಲ್ಲ, ದಿಬ್ಬವಿಲ್ಲ. ಗುರಿ ತಪ್ಪಿದ ಒಂಟಿಗುಂಡು ನೂರಾರು ಮೀಟರುಗಳಾಚೆಗೂ ಪ್ರಾಣ ತೆಗೆಯಬಲ್ಲುದು. ಹೊರಗಿನವರ ಕಣ್ಣಿಗೆ ರಾತ್ರಿಯ ಹೊಲ ನಿರ್ಜನವಾಗಿ ತೋರಬಹುದು. ಆದರೆ ಕರೆಂಟು ಬಂದ ವೇಳೆಯಲ್ಲಿ ನೀರು ಹಾಯಿಸಲು ಪಂಪಿನ ಬಳಿಗೆ ಹೋದ ಮಗ, ಗುಡಿಸಲಲ್ಲಿ ಕಂಬಳಿ ಹೊದ್ದು ಮಲಗಿದ ಕಾವಲುಗಾರ, ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ ತಾವೂ ಅಲ್ಲಿಯೇ ತಂಗಿದ ಕುರುಬ ಸಂಸಾರ, ಇವರೆಲ್ಲರೂ ಅದೇ ಕತ್ತಲಲ್ಲಿ ಇರುವವರು. ಹೊಲದ ಒಡೆತನ ಬದುವಿಗೆ ಮುಗಿಯುತ್ತದೆ. ಗುಂಡು ಬದುವನ್ನು ಅರಿಯದು. ಈ ಒಂದು ಕಾರಣಕ್ಕಾಗಿಯೇ ಗುಂಡು ಹಾರಿಸುವುದರ ಮೇಲಿನ ನಿರ್ಬಂಧವನ್ನು ನಾನು ನಿಸ್ಸಂದೇಹವಾಗಿ ಸಮರ್ಥಿಸುತ್ತೇನೆ. ಅಜಾಗರೂಕತೆಯಿಂದಲೋ ಮದುವೆ-ಉತ್ಸವಗಳ ಸಂಭ್ರಮದಿಂದಲೋ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದವನಿಗೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸುವ 2019ರ ತಿದ್ದುಪಡಿ ಉಚಿತವಾದುದೇ.

ಕೊಡಗಿನ ಉದಾಹರಣೆಯನ್ನು ಕೆಲವರು ಮುಂದಿಡುವರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ದೊರೆತಿರುವ ವಿನಾಯಿತಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿದದ್ದು ದಿಟ. ಹುಟ್ಟು, ಸಾವು, ಕೈಲ್‌ಪೋದ್ ಹಬ್ಬ ಇವುಗಳೊಡನೆ ಕೋವಿ ಹೆಣೆದುಕೊಂಡ ಆ ಸಂಪ್ರದಾಯವನ್ನು ಬಯಲುಸೀಮೆಗೆ ಎರವಲು ತರಲಾಗದು. ನಮಗೆ ಸಮೀಪವಾದುದು ದಕ್ಷಿಣ ಕನ್ನಡದ ಕೃಷಿಕರ ತಕರಾರು: ಪ್ರತಿ ಚುನಾವಣೆಯಲ್ಲಿಯೂ, ಯಾವ ಅಪರಾಧದ ಹಿನ್ನೆಲೆಯೂ ಇಲ್ಲದವರು ಸಹ, ಬೆಳೆರಕ್ಷಣೆಯ ಕೋವಿಯನ್ನು ಠಾಣೆಯಲ್ಲಿ ಠೇವಣಿಯಿಟ್ಟು ಬರಿಗೈಯಿಂದ ತೋಟ ಕಾಯಬೇಕಾಗುತ್ತದೆ. ವ್ಯಕ್ತಿಯನ್ನು ನೋಡದೆ ಎಲ್ಲರನ್ನೂ ಒಂದೇ ಆಜ್ಞೆಯಿಂದ ಶಂಕಿಸುವ ಈ ಪದ್ಧತಿಯಲ್ಲಿ 1857ರ ವಾಸನೆ ಇನ್ನೂ ಇದೆ.

ನಿರ್ಬಂಧ ವಿಧಿಸುವ ಸರಕಾರ ಬೆಳೆಯನ್ನು ಕಾಯುವ ಹೊಣೆಯನ್ನೂ ಹೊರಬೇಕು. ಹಂದಿಯ ವಿಷಯದಲ್ಲಿ ರೈತ ಕೊಟ್ಟ ಅರ್ಜಿಗೆ ಬೆಳೆ ಕೊಯ್ಲಾದ ಮೇಲೆ ಉತ್ತರ ಬಂದರೆ ವನ್ಯಜೀವಿ ಕಾಯಿದೆಯ ಆ 11ನೆಯ ಕಲಮು ಇದ್ದೂ ಇಲ್ಲದಂತೆಯೇ. ಚಿಗರಿಯನ್ನು ಉಳಿಸುವ ಪುಣ್ಯಕಾರ್ಯದ ವೆಚ್ಚವನ್ನು ನಾಲ್ಕೆಕರೆಯ ಒಣಬೇಸಾಯಗಾರನೊಬ್ಬನೇ ಹೊರುವುದು ಧರ್ಮವಲ್ಲ. ಪರಿಹಾರವು ಅದೇ ಹಂಗಾಮಿನಲ್ಲಿ ಕೈಸೇರಲಿ, ಬೇಲಿಗೆ ಸಹಾಯಧನ ದೊರೆಯಲಿ, ಊರಿನವರೆಲ್ಲ ಕೂಡಿ ಪಾಳಿಯಲ್ಲಿ ಹೊಲ ಕಾಯುವ ವ್ಯವಸ್ಥೆಗೆ ಗ್ರಾಮ ಪಂಚಾಯಿತಿ ಮುಂದಾಗಲಿ. ಅಲ್ಲಿಯವರೆಗೆ ಬಂದೂಕುಳ್ಳ ರೈತಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ: ಕತ್ತಲಲ್ಲಿ ಸಪ್ಪಳ ಕೇಳಿದ ದಿಕ್ಕಿಗೆ ಗುಂಡು ಹಾರಿಸಬೇಡಿರಿ, ಅಲ್ಲಿ ಇರುವುದು ಪ್ರಾಣಿಯೋ ಮನುಷ್ಯನೋ ಎಂದು ಕಣ್ಣಾರೆ ಕಾಣುವ ತನಕ ಕುದುರೆಯ ಮೇಲೆ ಬೆರಳಿಡಬೇಡಿರಿ.