ಕಾಣದ ಕಣವನ್ನು ನಂಬುವುದು ಹೇಗೆ?

ಪ್ರಶ್ನೆ: ನ್ಯೂಟ್ರಿನೊವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಅದು ನಿಜವಾಗಿಯೂ ಇದೆಯೇ, ಅಥವಾ ಲೆಕ್ಕ ಸರಿದೂಗಿಸಲು ಮಾಡಿಕೊಂಡ ಕಲ್ಪನೆಯೇ?
– ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಶುರುವಿನಲ್ಲಿ ಅದು ಕಲ್ಪನೆಯೇ. ಬೀಟಾ ಕ್ಷಯದಲ್ಲಿ ಕಾಣೆಯಾಗುತ್ತಿದ್ದ ಶಕ್ತಿಗೆ ಲೆಕ್ಕ ಒಪ್ಪಿಸಲು 1930ರಲ್ಲಿ ವೂಲ್ಫ್‌ಗಾಂಗ್ ಪೌಲಿ ಅದನ್ನು ಸೂಚಿಸಿದರು. 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಪರಮಾಣು ರಿಯಾಕ್ಟರ್ ಪಕ್ಕದಲ್ಲಿ ಅದರ ಸುಳಿವು ಹಿಡಿದರು. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಅಲ್ಲಿ ಕಂಡದ್ದು ಮ್ಯೂಆನ್ ಕಣಗಳ ಜಾಡು. ಮೇಲಿನಿಂದ ಬರುವ ಮ್ಯೂಆನ್‌ಗಳನ್ನು ಬಂಡೆ ಬಹುಪಾಲು ತಡೆಯುತ್ತದೆ. ಅಡ್ಡಡ್ಡ ಬಂದವನ್ನು ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೊ ಹುಟ್ಟಿಸಿರಬೇಕು.

ಆದರೂ ತತ್ತ್ವಜ್ಞಾನಿ ಬಾಸ್ ವಾನ್ ಫ್ರಾಸೆನ್ 1980ರಲ್ಲಿ ತಕರಾರು ಎತ್ತಿದರು: ಸಿದ್ಧಾಂತ ಕಾಣುವ ಸಂಗತಿಗಳಿಗೆ ಹೊಂದಿದರೆ ಸಾಕು, ಕಾಣದ್ದು ಇದೆಯೆಂದು ನಂಬಲೇಬೇಕಿಲ್ಲ. ವಾಸ್ತವವಾದಿಗಳ ಮರುಮಾತು: ಒಂದಕ್ಕೊಂದು ಸಂಬಂಧವಿಲ್ಲದ ಪ್ರಯೋಗಗಳು ಒಂದೇ ಕಣವನ್ನು ತೋರಿಸುವುದು ಬರೀ ಕಾಕತಾಳೀಯವೇ?

ಈ ಚರ್ಚೆ ನಿಮ್ಮೂರಿಗೆ ಹೊಸದಲ್ಲ. ಧವಲಾ ಓಲೆಗರಿಗಳನ್ನು ಕಾಪಾಡಿದ ಮೂಡುಬಿದಿರೆಯ ಬಸದಿ ಪರಂಪರೆಯ ಜೈನ ದರ್ಶನದಲ್ಲಿ ಪರಮಾಣು ಇಂದ್ರಿಯಕ್ಕೆ ಸಿಗದು, ಅದರ ಕಾರ್ಯದಿಂದಲೇ ಅನುಮಾನಿಸಬೇಕು. ಆ ಪರಮಾಣುವೂ ಇಂದಿನ ಭೌತವಿಜ್ಞಾನದ್ದೂ ಒಂದೇ ಅಲ್ಲ. ಕಾರ್ಯದಿಂದ ಕಾರಣಕ್ಕೆ ಹೋಗುವ ದಾರಿ ಮಾತ್ರ ಒಂದೇ.

ಎಚ್ಚರವೂ ಬೇಕು. ಬೆಳಕು ಸಾಗಲು ಈಥರ್ ಬೇಕೆಂದು ಹತ್ತೊಂಬತ್ತನೇ ಶತಮಾನದ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. 1887ರ ಮೈಕೆಲ್ಸನ್–ಮಾರ್ಲಿ ಪ್ರಯೋಗಕ್ಕೆ ಅದು ಸಿಗಲಿಲ್ಲ. ಹಾಗಾಗಿ ಕಾಣದ್ದನ್ನೆಲ್ಲ ನಂಬುವುದೂ ಬೇಡ, ಅಲ್ಲಗಳೆಯುವುದೂ ಬೇಡ. ಸ್ವತಂತ್ರ ಸಾಕ್ಷಿಗಳು ಎಷ್ಟಿವೆ ಎಂದು ಕೇಳಿ. ನ್ಯೂಟ್ರಿನೊಗೆ ಬೇಕಾದಷ್ಟಿವೆ.