ಕಸಿ ಮತ್ತು ಕಂದು: ಕಮಲಾಪುರದ ಕೆಂಪು ಬಾಳೆಯ ವಂಶಧಾರಣೆ

ಸಸ್ಯಾಭಿವೃದ್ಧಿಯ ದೇಸಿ ಪರಿಭಾಷೆಯಲ್ಲಿ ಬಂಧುತ್ವದ ಕಲ್ಪನೆ ಅಂತರ್ಗತವಾಗಿದೆ. ಬೀಜದಿಂದ ಬೆಳೆದ ಗೇರುಗಿಡವು ತಾಯಿಮರದ ಗುಣವನ್ನು ಯಥಾವತ್ತಾಗಿ ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಕರಾವಳಿಯಲ್ಲಿ ಎಳೆಯ ಸಸಿಯ ಕಾಂಡವನ್ನು ಸೀಳಿ, ಉತ್ತಮ ಮರದ ಕುಡಿಯನ್ನು ಬೆಣೆಯಂತೆ ಹೆರೆದು ಕೂಡಿಸುವ ಮೃದುಕಾಂಡ ಕಸಿ ರೂಢಿಯಲ್ಲಿದೆ. ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯಲ್ಲಿ ಈ ಕಾರ್ಯವನ್ನು ಕಂದು ನಿರ್ವಹಿಸುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಹಣ್ಣಿನಲ್ಲಿ ಮೊಳೆಯುವ ಬೀಜವಿಲ್ಲ. ತಾಯಿಗಿಡದ ಗಡ್ಡೆಯಿಂದ ಒಡೆದ ಕಂದೇ ಅದರ ಸಂತತಿ. ‘ಕಂದ’ ಎಂಬ ಪದದೊಡನೆ ಇದಕ್ಕಿರುವ ಶಬ್ದಸಾಮ್ಯವು ಗಮನಾರ್ಹ. ಮದುವೆಯ ಹಂದರಕ್ಕೆ ಗೊನೆಸಹಿತ ಬಾಳೆಕಂಬ ಕಟ್ಟುವ ಆಚರಣೆಯಲ್ಲಿಯೂ ವಂಶ ಮುಂದುವರಿಯಲೆಂಬ ಆಶಯವನ್ನು ಗುರುತಿಸಬಹುದು.

ಬುಡ ದಪ್ಪವಾಗಿದ್ದು ಎಲೆ ಕತ್ತಿಯಂತೆ ಕಿರಿದಾಗಿರುವ ಕಂದು ನಾಟಿಗೆ ಯೋಗ್ಯ. ಅಗಲ ಎಲೆಯ ನೀರುಗಂದು ನೋಡಲು ಸೊಂಪಾಗಿದ್ದರೂ ಅದರ ಗಡ್ಡೆ ದುರ್ಬಲ.

ಕಂದು ತಾಯಿಯ ಗುಣದೊಡನೆ ರೋಗವನ್ನೂ ಹೊತ್ತು ತರುತ್ತದೆ. ಕೆಂಪು ಬಾಳೆ ಕೊಯ್ಲಿಗೆ ಬರಲು ಸುಮಾರು ಒಂದೂವರೆ ವರ್ಷ ಬೇಕಾಗುವುದರಿಂದ ಆಯ್ಕೆಯ ತಪ್ಪಿಗೆ ತೆರಬೇಕಾದ ಬೆಲೆ ಅಧಿಕ. ಆದ್ದರಿಂದ ನಿರೋಗಿ ತಾಯಿಗಿಡವನ್ನು ಗುರುತಿಸುವ ರೈತನ ಕಣ್ಣೇ ಈ ತಳಿಯ ನಿಜವಾದ ಕಾವಲು. ಮಾನ್ಯತೆಯು ಹೆಸರನ್ನು ರಕ್ಷಿಸಬಲ್ಲದು; ವಂಶವನ್ನು ರಕ್ಷಿಸುವುದು ಹೊಲದಿಂದ ಹೊಲಕ್ಕೆ ಸಾಗುವ ಈ ತಿಳಿವಳಿಕೆಯೇ.